ಕಳ್ಳನ ಕೈ, ಗೆಳತಿಯ ಚೀಲ

ಪ್ರಶ್ನೆ: ನಾವು ಐದು ಜನ ಗೆಳೆಯರು ಭಾನುವಾರ ಸೇರಿ ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಆಡುತ್ತೇವೆ. ಕಥೆ ನಡೆಸುವ ಡಂಜನ್ ಮಾಸ್ಟರ್ ನಾನೇ. ರೋಗ್, ಅಂದರೆ ಕಳ್ಳನ ಪಾತ್ರದವನು ನಮ್ಮ ತಂಡದವರ ಚೀಲದಿಂದಲೇ ಚಿನ್ನ ಎಗರಿಸುತ್ತಾನೆ. ಕೇಳಿದರೆ ‘ನನ್ನ ಪಾತ್ರವೇ ಅಂಥದ್ದು’ ಎನ್ನುತ್ತಾನೆ. ಪ್ಯಾಲಡಿನ್, ಅಂದರೆ ಶಪಥ ತೊಟ್ಟ ಧರ್ಮಯೋಧೆಯ ಪಾತ್ರ ಆಡುವವಳು ಅವನ ತಲೆ ತೆಗೆಯುತ್ತೇನೆಂದು ಕೂತಿದ್ದಾಳೆ. ಈಗ ಇಬ್ಬರಿಗೂ ಮಾತಿಲ್ಲ. ದಾಳಕ್ಕೇ ಬಿಟ್ಟುಬಿಡಲೇ?
– ಹೆಸರು ಬೇಡ, ಮೈಸೂರು

ಉತ್ತರ: ಬೇಡ. ಕಳ್ಳತನ ಫಲಿಸಿತೋ ಇಲ್ಲವೋ ಎಂಬುದನ್ನು ಇಪ್ಪತ್ತು ಮುಖದ ದಾಳ ಹೇಳೀತು. ಮುನಿಸು ತೀರಿಸುವುದು ಅದರ ಕೈಲಾಗದು. ಪಾತ್ರಗಳು ಕಚ್ಚಾಡಿದರೆ ಕಥೆಗೆ ರುಚಿ. ಆಡುವವರೇ ಮಾತು ಬಿಟ್ಟರೆ ಆಟ ನಿಲ್ಲಿಸಿ ವಿಚಾರಿಸಬೇಕು.

‘ನನ್ನ ಪಾತ್ರವೇ ಅಂಥದ್ದು’ ಎಂಬ ಸಬೂಬಿಗೆ ಆಟಗಾರರು ‘ಮೈ ಗೈ ಸಿಂಡ್ರೋಮ್’ ಎಂದು ಹೆಸರಿಟ್ಟಿದ್ದಾರೆ. ಪಾತ್ರ ಹುಟ್ಟಿಸಿದವನು ಅವನೇ. ಸಾಹುಕಾರನ ತಿಜೋರಿ ಬಿಟ್ಟು ಜೊತೆಗಾರರ ಚೀಲಕ್ಕೆ ಕೈ ಹಾಕಿದವನೂ ಅವನೇ. ಪ್ಯಾಲಡಿನ್‌ಗೂ ಇದೇ ಮಾತು. ಮೂರನೇ ಆವೃತ್ತಿಯಲ್ಲಿ ಪ್ಯಾಲಡಿನ್ ದುಷ್ಟರ ಸಹವಾಸ ಮಾಡಕೂಡದೆಂಬ ಕಟ್ಟಳೆಯಿತ್ತು. 2014ರ ಐದನೇ ಆವೃತ್ತಿಯಲ್ಲಿ ಅದಿಲ್ಲ. ಅವಳ ಶಪಥ ತಲೆಯ ಬದಲು ತಪ್ಪೊಪ್ಪಿಗೆಯನ್ನೂ ಕೇಳಬಹುದು.

ಮೊದಲು ಇಬ್ಬರ ಹತ್ತಿರವೂ ಬೇರೆಬೇರೆಯಾಗಿ ಮಾತಾಡಿ. ಕಾಳಗದ ನಡುವೆ ತನಗೆ ಕೆಲಸವೇ ಇಲ್ಲವೆಂಬ ಬೇಸರಕ್ಕೆ ಅವನು ಕದಿಯುತ್ತಿದ್ದರೆ, ಮುರಿಯಲು ಬೀಗ, ಬಿಚ್ಚಲು ಬಲೆ ಒದಗಿಸುವುದು ನಿಮ್ಮ ಹೊಣೆ. ಆಮೇಲೆ ಎಲ್ಲರೂ ಕೂತು ಒಂದು ನಿಯಮ ಮಾಡಿಕೊಳ್ಳಿ: ಇನ್ನೊಬ್ಬರ ಪಾತ್ರದ ಮೇಲೆ ಕೈ ಮಾಡುವ ಮುನ್ನ ಆ ಪಾತ್ರ ಆಡುವವರ ಒಪ್ಪಿಗೆ ಬೇಕು, ಒಪ್ಪಿದ ಮೇಲೆ ಏನಾಯಿತೆಂದು ಹೇಳುವವರೂ ಅವರೇ. ‘ನಿನ್ನ ಚೀಲಕ್ಕೆ ಕೈ ಹಾಕಲೇನೇ?’ ಎಂದು ಅವನು ಕೇಳಲಿ. ‘ಹಾಕು, ಆದ್ರೆ ಸಿಕ್ಕಿಬೀಳ್ಬೇಕು’ ಎಂದು ಅವಳು ಅಂದರೆ, ಆ ರಾತ್ರಿಯ ಬಿಡಾರದಲ್ಲಿ ಎಲ್ಲರೂ ಬಾಯಿಬಿಟ್ಟು ನೋಡುವಂಥ ಜಗಳ ಸಿಗುತ್ತದೆ. ಬೇಡವೆಂದರೆ ಕಥೆ ಮುಂದಕ್ಕೆ ಹೋಗಲಿ.

ಬೆನ್ನಿಗೆ ಚೂರಿ ಹಾಕುವುದನ್ನೇ ಆಟವಾಗಿಸಿದ, 1984ರ ‘ಪ್ಯಾರನೋಯಾ’ದಂಥವೂ ಇವೆ. ಅಲ್ಲಿ ಎಲ್ಲರೂ ಗೊತ್ತಿದ್ದೇ ಕೂರುತ್ತಾರೆ. ನಿಮ್ಮ ಪ್ಯಾಲಡಿನ್‌ಗೆ ಹಾಗೆಂದು ಯಾರೂ ಹೇಳಿರಲಿಲ್ಲ.

ಒಂದು ಎಚ್ಚರ: ದೇವರ ಶಾಪ, ಸಿಡಿಲು ತರಿಸಿ ಕಥೆಯೊಳಗೇ ಅವನಿಗೆ ಬುದ್ಧಿ ಕಲಿಸಲು ಹೋಗಬೇಡಿ, ಸೇಡು ಬೆಳೆಯುತ್ತದೆ. ನಿಯಮ ಒಪ್ಪಿಯೂ ಮತ್ತೆ ಕದ್ದರೆ, ಈ ಮೇಜು ಅವನಿಗೆ ಸರಿಹೊಂದದೆಂದು ನೇರವಾಗಿ ಹೇಳಿ. ಗೆಳೆತನಕ್ಕೆ ವಾರದ ಉಳಿದ ಆರು ದಿನಗಳಿವೆ.