ಅಂತರ್ಜಾಲ ಮಾರುಕಟ್ಟೆ: ಬೆಲೆ ಇಳಿಸದೆ ಪೈಪೋಟಿ ನೀಡುವ ಬಗೆ

ಅಂತರ್ಜಾಲದ ಮೂಲಕ ನಡೆಯುವ ಚಿಲ್ಲರೆ ವ್ಯಾಪಾರವು ಸಣ್ಣ ಉತ್ಪಾದಕರಿಗೆ ದೇಶದಾದ್ಯಂತ ಗ್ರಾಹಕರನ್ನು ದೊರಕಿಸಿಕೊಟ್ಟಿದೆ. 2007ರಲ್ಲಿ ಬೆಂಗಳೂರಿನಲ್ಲಿ ಫ್ಲಿಪ್‌ಕಾರ್ಟ್ ಆರಂಭವಾಯಿತು. 2013ರಲ್ಲಿ ಅಮೆಜಾನ್ ಭಾರತದಲ್ಲಿ ತನ್ನ ಮಾರಾಟ ತಾಣವನ್ನು ತೆರೆಯಿತು. ಇಂತಹ ತಾಣಗಳಲ್ಲಿ ನೋಂದಾಯಿಸಿಕೊಂಡು ಸರಕನ್ನು ಪ್ರದರ್ಶಿಸುವುದು ಇಂದು ಕಷ್ಟದ ಕೆಲಸವಲ್ಲ. ಆದರೆ ಪ್ರವೇಶ ಸುಲಭವಾದಷ್ಟೂ ಸಂದಣಿ ಹೆಚ್ಚುತ್ತದೆ. ಪೇಟೆಯಲ್ಲಿ ಪಕ್ಕದ ಅಂಗಡಿಯ ಬೆಲೆ ತಿಳಿಯಲು ಗ್ರಾಹಕನು ನಾಲ್ಕು ಹೆಜ್ಜೆ ನಡೆಯಬೇಕು. ಇಲ್ಲಿ ಹತ್ತಾರು ಮಾರಾಟಗಾರರ ಬೆಲೆ ಒಂದೇ ಪರದೆಯ ಮೇಲೆ ಸಾಲಾಗಿ ಕಾಣುತ್ತದೆ. ಆದ್ದರಿಂದ ಬೆಲೆ ಇಳಿಸುವುದೊಂದೇ ಉಳಿದ ದಾರಿ ಎಂದು ಅನೇಕ ವರ್ತಕರು ಭಾವಿಸುತ್ತಾರೆ. ಈ ಭಾವನೆ ಎಷ್ಟರ ಮಟ್ಟಿಗೆ ಸರಿ ಎಂಬುದನ್ನು ಮೊದಲು ಲೆಕ್ಕದ ಮೂಲಕ ಪರಿಶೀಲಿಸೋಣ.

ಬೆಲೆ ಕಡಿತದ ಲೆಕ್ಕ

ಒಂದು ವಸ್ತುವನ್ನು ರೂ. 400ಕ್ಕೆ ಮಾರುತ್ತೇವೆ ಎಂದಿಟ್ಟುಕೊಳ್ಳೋಣ. ಕಚ್ಚಾ ಸಾಮಗ್ರಿ ಮತ್ತು ಕೂಲಿ ರೂ. 200, ಪ್ಯಾಕಿಂಗ್ ರೂ. 20, ಸಾಗಾಣಿಕೆ ರೂ. 60, ತಾಣದ ಕಮಿಷನ್ ಶೇ. 10ರಂತೆ ರೂ. 40. ಉಳಿಯುವುದು ರೂ. 80. ತಿಂಗಳಿಗೆ 100 ನಗ ಮಾರಿದರೆ ರೂ. 8,000 ಕೈಸೇರುತ್ತದೆ.

ಈಗ ಬೆಲೆಯನ್ನು ಶೇ. 10ರಷ್ಟು ಇಳಿಸಿ ರೂ. 360 ಮಾಡಿದರೆ ಕಮಿಷನ್ ರೂ. 36 ಆಗುತ್ತದೆ, ಉಳಿದ ಖರ್ಚುಗಳು ಇಳಿಯುವುದಿಲ್ಲ. ನಗವೊಂದಕ್ಕೆ ಉಳಿಯುವುದು ಕೇವಲ ರೂ. 44. ಅದೇ ರೂ. 8,000 ಗಳಿಸಲು 182 ನಗ ಮಾರಬೇಕು. ಅಂದರೆ ಬೆಲೆಯಲ್ಲಿ ಶೇ. 10ರ ಇಳಿಕೆಯನ್ನು ತುಂಬಿಕೊಳ್ಳಲು ಮಾರಾಟ ಶೇ. 82ರಷ್ಟು ಏರಬೇಕು. ಪ್ರತಿಸ್ಪರ್ಧಿಯೂ ಮರುದಿನವೇ ಬೆಲೆ ಇಳಿಸಿದರೆ ಆ ಏರಿಕೆಯೂ ಕನಸಿನ ಮಾತು.

ಇದರ ಬದಲು ಬೆಲೆಯನ್ನು ರೂ. 400ರಲ್ಲೇ ಉಳಿಸಿ, ನಗವೊಂದಕ್ಕೆ ರೂ. 20ರಂತೆ ಉತ್ತಮ ಛಾಯಾಚಿತ್ರ, ವಿವರಣೆ ಮತ್ತು ಜಾಹೀರಾತಿಗೆ ವೆಚ್ಚ ಮಾಡಿದರೆ ರೂ. 60 ಉಳಿಯುತ್ತದೆ. ಆಗ 134 ನಗ ಮಾರಿದರೆ ಸಾಕು. ಒಮ್ಮೆ ಇಳಿಸಿದ ಬೆಲೆಯನ್ನು ಮತ್ತೆ ಏರಿಸುವುದು ಕಠಿಣ. ಒಮ್ಮೆ ತೆಗೆಸಿದ ಛಾಯಾಚಿತ್ರವಾದರೋ ಅನೇಕ ತಿಂಗಳು ದುಡಿಯುತ್ತದೆ.

ಚನ್ನಪಟ್ಟಣದ ನಿದರ್ಶನ

ಹೋಲಿಸಲು ಬೇರೇನೂ ಸಿಗದಿದ್ದಾಗ ಗ್ರಾಹಕನು ಬೆಲೆಯನ್ನು ಹೋಲಿಸುತ್ತಾನೆ. ಚನ್ನಪಟ್ಟಣದ ಬೊಂಬೆಗಳು ಈ ಮಾತಿಗೆ ಒಳ್ಳೆಯ ನಿದರ್ಶನ. ಪರದೆಯ ಮೇಲೆ ‘ಮರದ ಆಟಿಕೆ’ ಎಂಬ ಶೀರ್ಷಿಕೆಯಷ್ಟೇ ಇದ್ದರೆ, ಕೈಯಿಂದ ಕಡೆದ ಬೊಂಬೆ ಮತ್ತು ಕಾರ್ಖಾನೆಯಲ್ಲಿ ರಾಶಿಯಾಗಿ ತಯಾರಾದ ಆಟಿಕೆ ಎರಡೂ ಒಂದೇ ಆಗಿ ತೋರುತ್ತವೆ. ಆ ಹೋಲಿಕೆಯಲ್ಲಿ ಕುಶಲಕರ್ಮಿಗೆ ಗೆಲುವಿಲ್ಲ. ಬೆಲೆ ಇಳಿಸಿದರೆ ಕಡಿತವಾಗುವುದು ಅವನ ಕೂಲಿಯೇ.

ಆದರೆ ಹೇಳಲು ವಿಷಯ ಬೇಕಾದಷ್ಟಿದೆ. ಸಾಂಪ್ರದಾಯಿಕವಾಗಿ ಈ ಬೊಂಬೆಗೆ ಬಳಸುವುದು ಮೃದುವಾದ ಹಾಲೆ ಮರ. ತಿರುಗುತ್ತಿರುವ ಮರಕ್ಕೆ ಬಣ್ಣದ ಅರಗಿನ ಕಡ್ಡಿಯನ್ನು ಒತ್ತಿದಾಗ ಘರ್ಷಣೆಯ ಶಾಖಕ್ಕೆ ಅರಗು ಕರಗಿ ಮೇಲ್ಮೈಗೆ ಅಂಟಿಕೊಳ್ಳುತ್ತದೆ. ಅರಿಸಿನದಂತಹ ಸಸ್ಯಮೂಲದ ಬಣ್ಣಗಳೂ ಬಳಕೆಯಲ್ಲಿವೆ. 2005–06ರಲ್ಲಿ ಚನ್ನಪಟ್ಟಣದ ಆಟಿಕೆ ಮತ್ತು ಬೊಂಬೆಗಳಿಗೆ ಭೌಗೋಳಿಕ ಸೂಚಕ, ಅಂದರೆ ಜಿ.ಐ. ಮಾನ್ಯತೆ ದೊರೆಯಿತು. ಮಗುವಿಗಾಗಿ ಕೊಳ್ಳುವ ತಾಯಿತಂದೆಯರ ಮೊದಲ ಪ್ರಶ್ನೆ ‘ಬಾಯಿಗೆ ಇಟ್ಟುಕೊಂಡರೆ ಅಪಾಯವಿಲ್ಲವೇ?’ ಎಂಬುದು. ಬಳಸಿದ ಬಣ್ಣ ಯಾವುದು, ಪರೀಕ್ಷೆ ಮಾಡಿಸಲಾಗಿದೆಯೇ ಎಂಬ ಉತ್ತರವು ಮಾರಾಟದ ಪುಟದಲ್ಲೇ ಇದ್ದರೆ ಅದು ಹತ್ತು ರೂಪಾಯಿ ರಿಯಾಯಿತಿಗಿಂತ ಹೆಚ್ಚು ಕೆಲಸ ಮಾಡುತ್ತದೆ.

ಅನುಸರಿಸಬಹುದಾದ ಕ್ರಮಗಳು

1. ವಿವರಣೆ: ಅಳತೆ, ತೂಕ, ಸಾಮಗ್ರಿ, ಬಳಸುವ ವಿಧಾನ ಇವನ್ನು ನಿಖರವಾಗಿ ಬರೆಯಿರಿ. ತಯಾರಕರ ಹೆಸರು, ಗರಿಷ್ಠ ಮಾರಾಟ ಬೆಲೆ, ನಿವ್ವಳ ಪ್ರಮಾಣ ಮೊದಲಾದ ವಿವರಗಳನ್ನು ಪ್ಯಾಕ್ ಮಾಡಿದ ಸರಕಿಗೆ ತಾಣದಲ್ಲಿಯೂ ತೋರಿಸುವುದು 2018ರ ಜನವರಿ 1ರಿಂದ ಕಡ್ಡಾಯವಾಗಿದೆ. ನಿಖರ ವಿವರಣೆಯಿಂದ ಸರಕು ಹಿಂದಿರುಗುವುದೂ ಕಡಿಮೆಯಾಗುತ್ತದೆ. ಮೇಲಿನ ಲೆಕ್ಕದಂತೆ ಹೋಗಿಬರುವ ಸಾಗಾಣಿಕೆ ರೂ. 120 ಮತ್ತು ಪ್ಯಾಕಿಂಗ್ ರೂ. 20 ಮಾರಾಟಗಾರನ ಮೇಲೆಯೇ ಬಿದ್ದರೆ, ಹಿಂದಿರುಗಿದ ಒಂದು ನಗವು ಸುಮಾರು ಎರಡು ಮಾರಾಟದ ಲಾಭವನ್ನು ನುಂಗುತ್ತದೆ.

2. ಛಾಯಾಚಿತ್ರ: ಗ್ರಾಹಕನು ಸರಕನ್ನು ಮುಟ್ಟಿ ನೋಡಲಾರ. ಆದ್ದರಿಂದ ಹಗಲು ಬೆಳಕಿನಲ್ಲಿ, ಹಲವು ಕೋನಗಳಿಂದ, ಗಾತ್ರ ತಿಳಿಯುವಂತೆ ಕೈಯಲ್ಲಿ ಹಿಡಿದು ತೆಗೆದ ಚಿತ್ರಗಳಿರಲಿ. ತಯಾರಿಕೆಯ ಹಂತದ ಒಂದು ಚಿತ್ರವನ್ನೂ ಸೇರಿಸುವುದು ಒಳಿತು.

3. ಹೆಸರು ಮತ್ತು ಮಾನ್ಯತೆ: ಜಿ.ಐ. ಪಡೆದ ಸರಕಿನ ನಿಜವಾದ ಉತ್ಪಾದಕರು ಚೆನ್ನೈನ ಭೌಗೋಳಿಕ ಸೂಚಕಗಳ ನೋಂದಣಿ ಕಚೇರಿಯಲ್ಲಿ ಅಧಿಕೃತ ಬಳಕೆದಾರರಾಗಿ ನೋಂದಾಯಿಸಿಕೊಳ್ಳಬಹುದು. ಮೈಸೂರು ರೇಷ್ಮೆ, ಬ್ಯಾಡಗಿ ಮೆಣಸಿನಕಾಯಿ ಮೊದಲಾದವುಗಳಿಗೂ ಈ ಮಾನ್ಯತೆಯಿದೆ. ಆಟಿಕೆ ತಯಾರಕರು ಇನ್ನೊಂದು ಅಂಶವನ್ನು ಗಮನಿಸಬೇಕು: 2021ರ ಜನವರಿ 1ರಿಂದ ಆಟಿಕೆಗಳಿಗೆ ಐ.ಎಸ್.ಐ. ಗುರುತು ಕಡ್ಡಾಯವಾಯಿತು, ಕೇಂದ್ರ ಕರಕುಶಲ ಅಭಿವೃದ್ಧಿ ಆಯುಕ್ತರಲ್ಲಿ ನೋಂದಾಯಿತರಾದ ಕುಶಲಕರ್ಮಿಗಳಿಗೂ ಜಿ.ಐ. ಅಧಿಕೃತ ಬಳಕೆದಾರರಿಗೂ ವಿನಾಯಿತಿ ನೀಡಲಾಯಿತು. ಹೀಗಾಗಿ ನೋಂದಣಿಯು ಪ್ರಚಾರಕ್ಕಷ್ಟೇ ಸೀಮಿತವಲ್ಲ.

4. ಗ್ರಾಹಕರ ಅಭಿಪ್ರಾಯ: ಹೊಸ ಗ್ರಾಹಕನು ಮಾರಾಟಗಾರನ ಮಾತಿಗಿಂತ ಹಳೆಯ ಗ್ರಾಹಕನ ಮಾತನ್ನು ನಂಬುತ್ತಾನೆ. ದೂರಿಗೆ ಸೌಜನ್ಯದಿಂದ, ತಡಮಾಡದೆ ಉತ್ತರಿಸಿರಿ. ಗ್ರಾಹಕನ ಸೋಗಿನಲ್ಲಿ ಮಾರಾಟಗಾರನೇ ಅಭಿಪ್ರಾಯ ಬರೆಯುವುದನ್ನು 2020ರ ಗ್ರಾಹಕ ಸಂರಕ್ಷಣಾ ಇ-ವಾಣಿಜ್ಯ ನಿಯಮಗಳು ನಿಷೇಧಿಸಿವೆ ಎಂಬುದು ನೆನಪಿನಲ್ಲಿರಲಿ.

5. ಜಾಹೀರಾತಿನ ಮಿತಿ: ಜಾಹೀರಾತಿಗೆ ತೆತ್ತ ಹಣವನ್ನು ಅದರಿಂದ ಬಂದ ಮಾರಾಟದ ಸಂಖ್ಯೆಯಿಂದ ವಾರಕ್ಕೊಮ್ಮೆ ಭಾಗಿಸಿ ನೋಡಿರಿ. ನಮ್ಮ ಉದಾಹರಣೆಯಲ್ಲಿ ಅದು ರೂ. 80 ಮೀರಿದರೆ ಪ್ರತಿ ಮಾರಾಟವೂ ನಷ್ಟವೇ.

ಎಚ್ಚರಿಕೆಯ ಮಾತು

ಎಲ್ಲ ಸರಕಿಗೂ ಈ ಕ್ರಮಗಳು ಸಮಾನವಾಗಿ ಅನ್ವಯಿಸುವುದಿಲ್ಲ. ಮೊಳೆ, ತಂತಿಗಳಂತಹ ಸಾಮಾನ್ಯ ಸರಕಿನಲ್ಲಿ ವಸ್ತುವಿನ ವೈಶಿಷ್ಟ್ಯವನ್ನು ತೋರಿಸುವುದು ಕಷ್ಟ. ಅಲ್ಲಿ ಬೇಡಿಕೆಗೆ ತಕ್ಕ ಅಳತೆಯ ಕಟ್ಟುಗಳು, ಕೂಡಿ ಬಳಸುವ ವಸ್ತುಗಳನ್ನು ಒಟ್ಟಾಗಿ ನೀಡುವುದು, ಹೇಳಿದ ದಿನಕ್ಕೆ ತಲುಪಿಸುವುದು ಇವೇ ವೈಶಿಷ್ಟ್ಯವಾಗಬೇಕು. ಹಳೆಯ ದಾಸ್ತಾನನ್ನು ಖಾಲಿ ಮಾಡಲು ರಿಯಾಯಿತಿ ನೀಡುವುದರಲ್ಲಿಯೂ ತಪ್ಪಿಲ್ಲ. ಅದು ನಿತ್ಯದ ನೀತಿಯಾಗಬಾರದು ಅಷ್ಟೆ. ಇನ್ನು ಸರಕಿನಲ್ಲೇ ದೋಷವಿದ್ದರೆ ಯಾವ ಪ್ರಚಾರವೂ ಅದನ್ನು ಉಳಿಸಲಾರದು.

ಬೆಲೆ ಇಳಿಸುವ ಸ್ಪರ್ಧೆಯಲ್ಲಿ ದೊಡ್ಡ ಬಂಡವಾಳ ಉಳ್ಳವರು ಹೆಚ್ಚು ಕಾಲ ನಿಲ್ಲಬಲ್ಲರು. ಸಣ್ಣ ಉತ್ಪಾದಕನ ಬಂಡವಾಳ ಬೇಗ ಕರಗುತ್ತದೆ. ಆದರೆ ತನ್ನ ಸರಕಿನ ಕುರಿತು ಅವನಿಗಿರುವಷ್ಟು ತಿಳಿವಳಿಕೆ ಬೇರೆ ಯಾರಿಗೂ ಇಲ್ಲ. ವರ್ತಕ ಬಾಂಧವರು ಮುಂದಿನ ಬಾರಿ ಬೆಲೆ ಇಳಿಸುವ ಮುನ್ನ ಮೇಲಿನ ಲೆಕ್ಕವನ್ನು ತಮ್ಮದೇ ಅಂಕಿಗಳೊಂದಿಗೆ ಮಾಡಿ ನೋಡಲಿ. ನಂತರ ತಮ್ಮ ಮಾರಾಟದ ಪುಟವನ್ನು ಗ್ರಾಹಕನ ಕಣ್ಣಿನಿಂದ ಓದಿ, ಹೇಳದೆ ಉಳಿದಿರುವ ಸಂಗತಿಗಳನ್ನು ಅಲ್ಲಿ ಸೇರಿಸಲಿ.