ತಾಲ್ಲೂಕು ಕಾಲೇಜಿನ ಮೇಷ್ಟ್ರಿಗೂ ಫೆಲೋಶಿಪ್: ಗೆಲ್ಲುವ ಸೂತ್ರಗಳು

ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲ. ಮಂಡ್ಯ ಜಿಲ್ಲೆಯ ಈ ನಾಲ್ಕೂ ಊರಲ್ಲಿ ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳಿವೆ. ಕೆ.ಆರ್. ಪೇಟೆಯಲ್ಲಿ ಸರ್ಕಾರಿ ಎಂಜಿನಿಯರಿಂಗ್ ಕಾಲೇಜು, ನಾಗಮಂಗಲ ತಾಲ್ಲೂಕಿನ ಬಿ.ಜಿ. ನಗರದಲ್ಲಿ ಆದಿಚುಂಚನಗಿರಿ ವಿಶ್ವವಿದ್ಯಾಲಯ. ಪಿಎಚ್‌.ಡಿ. ಮಾಡಿದ ಮೇಷ್ಟ್ರುಗಳಿಗೆ ಇಲ್ಲಿ ಬರವಿಲ್ಲ. ಆದರೂ ಫೆಲೋಶಿಪ್ ಮಾತೆತ್ತಿದರೆ ಸಾಕು, ‘ಅವೆಲ್ಲ ಐಐಎಸ್‌ಸಿ, ಜೆಎನ್‌ಯು ಕಡೆಯವರಿಗೆ ಸಾರ್, ನಮ್ಮಂಥೋರಿಗೆ ಎಲ್ಲಿ’ ಎಂಬ ಉತ್ತರ ಬರುತ್ತದೆ. ಎಷ್ಟೋ ಅರ್ಜಿಗಳು ಬರೆಯುವ ಮೊದಲೇ ಸಾಯುವುದು ಈ ಮಾತಿನಿಂದ. ಅರ್ಜಿ ಹಾಕಬೇಕೆಂದು ಮನಸ್ಸು ಮಾಡಿದವರಿಗೆ ಈ ಸೂತ್ರಗಳು.

1. ನಿಮ್ಮ ತಾಲ್ಲೂಕನ್ನೇ ವಿಷಯ ಮಾಡಿಕೊಳ್ಳಿ.

ದೊಡ್ಡ ಊರಿನ ಪ್ರಾಧ್ಯಾಪಕರು ಬರೆಯುವ ವಿಷಯವನ್ನೇ ನೀವೂ ಬರೆದರೆ ಅವರೇ ಗೆಲ್ಲುತ್ತಾರೆ. ಅವರ ಹತ್ತಿರ ಇಲ್ಲದ್ದು ನಿಮ್ಮ ಹತ್ತಿರ ಏನಿದೆ ಎಂದು ನೋಡಿಕೊಳ್ಳಿ.

ಮ್ಯಾಂಚೆಸ್ಟರ್ ವಿಶ್ವವಿದ್ಯಾಲಯದ ಸ್ಕಾರ್ಲೆಟ್ ಎಪ್‌ಸ್ಟೀನ್ 1950ರ ದಶಕದ ನಡುವೆ ಮಂಡ್ಯ ಸೀಮೆಯ ಎರಡು ಹಳ್ಳಿಗಳಲ್ಲಿ ನೆಲೆಸಿ ಅಧ್ಯಯನ ಮಾಡಿದರು. ಒಂದಕ್ಕೆ ನಾಲೆ ನೀರು ಬಂದಿತ್ತು, ಇನ್ನೊಂದರ ಜಮೀನು ಬೆದ್ದಲಾಗಿಯೇ ಉಳಿದಿತ್ತು. ನೀರು ಬಂದ ಊರು ಹೆಚ್ಚು ಬದಲಾಗಿರುತ್ತದೆ ಎಂದು ಯಾರಾದರೂ ಅಂದುಕೊಳ್ಳುತ್ತಾರೆ. ಅವರು ಕಂಡದ್ದು ಬೇರೆ. ನೀರಾವರಿ ಹಳ್ಳಿ ಕಬ್ಬು, ಭತ್ತ ಬೆಳೆದುಕೊಂಡು ಹಳೆಯ ಸಂಬಂಧಗಳನ್ನೇ ಗಟ್ಟಿಮಾಡಿಕೊಂಡಿತ್ತು. ಬೆದ್ದಲಿನ ಹಳ್ಳಿಯವರು ವ್ಯಾಪಾರ, ಕಾರ್ಖಾನೆ, ನೌಕರಿ ಎಂದು ಹೊರಗೆ ಹೊರಟು ಹೆಚ್ಚು ಬದಲಾಗಿದ್ದರು. 1962ರಲ್ಲಿ ಬಂದ ಆ ಪುಸ್ತಕವನ್ನು ಅಭಿವೃದ್ಧಿ ಅಧ್ಯಯನ ಮಾಡುವವರು ಇಂದಿಗೂ ಓದುತ್ತಾರೆ. 1970ರಲ್ಲಿ ಅವರು ಮತ್ತೆ ಬಂದು ಎರಡೂ ಹಳ್ಳಿಗಳನ್ನು ನೋಡಿಹೋದರು.

ಅದಾಗಿ ಅರ್ಧ ಶತಮಾನ ಕಳೆದಿದೆ. ವಿಶ್ವೇಶ್ವರಯ್ಯ ನಾಲೆಯ ಕೊನೆಭಾಗದ ರೈತ ಈಗ ಏನು ಮಾಡುತ್ತಿದ್ದಾನೆ? ಕೆ.ಆರ್. ಪೇಟೆಯವರು ಮುಂಬೈಗೆ ದುಡಿಯಲು ಹೋದ ಸಂಗತಿ 2020ರ ಲಾಕ್‌ಡೌನ್‌ನಲ್ಲಿ ಅವರು ಹಿಂದಿರುಗಿದಾಗ ರಾಜ್ಯಕ್ಕೆಲ್ಲ ಗೊತ್ತಾಯಿತು. ಆ ವಲಸೆಯ ಚರಿತ್ರೆ ಬರೆಯುವವರು ಯಾರು? ಕಂಬದಹಳ್ಳಿಯ ಬಸದಿ, ಹೊಸಹೊಳಲಿನ ಹೊಯ್ಸಳ ದೇಗುಲ, ಮೇಲುಕೋಟೆಯ ಹಸ್ತಪ್ರತಿಗಳು, 2022ರಲ್ಲಿ ರಾಮ್ಸಾರ್ ಪಟ್ಟಿ ಸೇರಿದ ರಂಗನತಿಟ್ಟು, ಪಾಂಡವಪುರ ಸುತ್ತಿನ ಆಲೆಮನೆಗಳು, ಎಲ್ಲವೂ ನಿಮಗೆ ಬೈಕಿನ ದಾರಿ. ಲಂಡನ್ನಿನಿಂದ ಬರುವವರಿಗೆ ಇವಕ್ಕೆ ವೀಸಾ ಬೇಕು, ದುಭಾಷಿ ಬೇಕು, ಊರವರ ನಂಬಿಕೆ ಬೇಕು. ನಿಮಗೆ ಮೂರೂ ಇದ್ದಲ್ಲೇ ಇದೆ. ಅರ್ಜಿಯ ಮೊದಲ ಪ್ಯಾರಾದಲ್ಲೇ ಇದನ್ನು ಹೇಳಿ.

2. ದಾಖಲೆ ಎಲ್ಲಿದೆಯೋ ಅಲ್ಲಿಗೆ ಹೋಗುವ ಫೆಲೋಶಿಪ್ ಹುಡುಕಿ.

1799ರಲ್ಲಿ ಶ್ರೀರಂಗಪಟ್ಟಣ ಬಿದ್ದಾಗ ಟಿಪ್ಪುವಿನ ಗ್ರಂಥಾಲಯವೂ ಈಸ್ಟ್ ಇಂಡಿಯಾ ಕಂಪನಿಯ ಕೈಸೇರಿತು. ಅದರ ದೊಡ್ಡ ಭಾಗ, ಟಿಪ್ಪು ತನ್ನ ಕನಸುಗಳನ್ನು ಬರೆದಿಟ್ಟ ಪುಸ್ತಕವೂ ಸೇರಿ, ಇಂದು ಲಂಡನ್ನಿನ ಬ್ರಿಟಿಷ್ ಲೈಬ್ರರಿಯಲ್ಲಿದೆ. ಶ್ರೀರಂಗಪಟ್ಟಣದ ಇತಿಹಾಸ ಮೇಷ್ಟ್ರು ಅಲ್ಲಿಗೆ ಹೋಗಲು ಇದಕ್ಕಿಂತ ಒಳ್ಳೆಯ ಕಾರಣ ಬೇಕೆ? ಚಾರ್ಲ್ಸ್ ವಾಲೇಸ್ ಇಂಡಿಯಾ ಟ್ರಸ್ಟ್ 1981ರಿಂದ ಭಾರತೀಯರಿಗೆ ಕಲೆ, ಪರಂಪರೆ, ಮಾನವಿಕ ವಿಷಯಗಳಲ್ಲಿ ಬ್ರಿಟನ್ನಿಗೆ ಹೋಗಿಬರಲು ಧನಸಹಾಯ ಕೊಡುತ್ತಿದೆ. ಕೆಲವೇ ವಾರಗಳ ಸಂಶೋಧನಾ ಭೇಟಿಗೂ ಇದರಲ್ಲಿ ಅವಕಾಶವಿದೆ. ಯಾವ ಹಸ್ತಪ್ರತಿ, ಅದರ ಕ್ರಮಸಂಖ್ಯೆ ಏನು ಎಂದು ಅರ್ಜಿಯಲ್ಲೇ ನಮೂದಿಸಿದರೆ ಓದುವವರಿಗೆ ನೀವು ತಯಾರಾಗಿದ್ದೀರಿ ಎಂದು ತಿಳಿಯುತ್ತದೆ.

3. ಪಾಸ್‌ಪೋರ್ಟ್ ಬೇಡದ ಮೆಟ್ಟಿಲನ್ನು ಮೊದಲು ಹತ್ತಿ.

ವಿಜ್ಞಾನದವರಿಗೆ ದೇಶದ ಮೂರು ವಿಜ್ಞಾನ ಅಕಾಡೆಮಿಗಳು ಸೇರಿ ನಡೆಸುವ ಬೇಸಿಗೆ ಸಂಶೋಧನಾ ಫೆಲೋಶಿಪ್ ಇದೆ. ಅದು ವಿದ್ಯಾರ್ಥಿಗಳಿಗೆ ಮಾತ್ರ ಅಲ್ಲ, ಅಧ್ಯಾಪಕರಿಗೂ ಇದೆ. ರಜೆಯಲ್ಲಿ ಎರಡು ತಿಂಗಳು ಒಳ್ಳೆಯ ಪ್ರಯೋಗಾಲಯದಲ್ಲಿ ಕೆಲಸ. ಕೇಂದ್ರದ ವಿಜ್ಞಾನ ಮತ್ತು ಎಂಜಿನಿಯರಿಂಗ್ ಸಂಶೋಧನಾ ಮಂಡಳಿ (ಎಸ್‌ಇಆರ್‌ಬಿ) ಆರಂಭಿಸಿದ ‘ಟೇರ್’ ಯೋಜನೆ ಇನ್ನೂ ಮುಂದೆ ಹೋಗುತ್ತದೆ: ಕಾಲೇಜಿನ ಕಾಯಂ ಅಧ್ಯಾಪಕರು ಕೆಲಸ ಬಿಡದೆ ಮೂರು ವರ್ಷ ರಾಷ್ಟ್ರೀಯ ಸಂಸ್ಥೆಯೊಂದರ ಜೊತೆ ಸಂಶೋಧನೆ ಮಾಡಬಹುದು. ಬೆಲ್ಲದ ಮೇಲೆ ಕೆಲಸ ಮಾಡುವ ರಸಾಯನಶಾಸ್ತ್ರದವರಿಗೆ ಮೈಸೂರಿನ ಸಿಎಫ್‌ಟಿಆರ್‌ಐ ಕೂಗಳತೆಯಲ್ಲಿದೆ. ಕೆ.ಆರ್. ಪೇಟೆಯ ಸಿವಿಲ್ ಎಂಜಿನಿಯರಿಂಗ್‌ನವರು ಕೆಆರ್‌ಎಸ್‌ನಲ್ಲಿರುವ ಕರ್ನಾಟಕ ಎಂಜಿನಿಯರಿಂಗ್ ಸಂಶೋಧನಾ ಕೇಂದ್ರದ ಬಾಗಿಲು ತಟ್ಟಲಿ. ಮಾನವಿಕ, ಸಮಾಜವಿಜ್ಞಾನದವರಿಗೆ ಶಿಮ್ಲಾದ ಉನ್ನತ ಅಧ್ಯಯನ ಸಂಸ್ಥೆಯ ಅಸೋಸಿಯೇಟ್ ಯೋಜನೆ: ವರ್ಷಕ್ಕೊಂದು ತಿಂಗಳಂತೆ ಮೂರು ವರ್ಷ. ಆ ಗ್ರಂಥಾಲಯದಲ್ಲಿ ಕೂತು ಬರೆದ ಒಂದು ಲೇಖನ ಮುಂದಿನ ಅರ್ಜಿಗೆ ಬೆನ್ನೆಲುಬಾಗುತ್ತದೆ.

4. ಆಹ್ವಾನ ಪತ್ರಕ್ಕೆ ಆರು ತಿಂಗಳು ಮುಂಚೆಯೇ ಓಲೆ ಬರೆಯಿರಿ.

ಫುಲ್‌ಬ್ರೈಟ್-ನೆಹರು ಯೋಜನೆಯಲ್ಲಿ ಅಧ್ಯಾಪಕರು ಅಮೆರಿಕದಲ್ಲಿ ಕೆಲವು ತಿಂಗಳು ಪಾಠ, ಸಂಶೋಧನೆ ಮಾಡಿಬರಬಹುದು. ಜರ್ಮನಿಯ ಡಾಡ್ ಸಂಸ್ಥೆ ಒಂದರಿಂದ ಮೂರು ತಿಂಗಳ ಸಂಶೋಧನಾ ವಾಸಕ್ಕೆ ನೆರವು ಕೊಡುತ್ತದೆ. ಎರಡರಲ್ಲೂ ಅಲ್ಲಿನ ಪ್ರಾಧ್ಯಾಪಕರೊಬ್ಬರು ‘ಬನ್ನಿ’ ಎಂದು ಬರೆದ ಪತ್ರಕ್ಕೆ ತೂಕವಿದೆ. ಅವರ ಲೇಖನ ಓದಿ, ಅದರಲ್ಲಿ ನಿಮ್ಮ ಜಿಲ್ಲೆಯ ಮಾಹಿತಿ ಎಲ್ಲಿ ಕೂಡುತ್ತದೆ ಎಂದು ಹದಿನೈದು ಸಾಲಲ್ಲಿ ಬರೆಯಿರಿ. ‘ರೆಸ್ಪೆಕ್ಟೆಡ್ ಸರ್’ ಎಂದು ಐವತ್ತು ಜನರಿಗೆ ಒಂದೇ ಮೇಲ್ ಕಳಿಸಬೇಡಿ. ಕೊನೆಯ ದಿನಾಂಕ, ಅರ್ಹತೆ ವರ್ಷವರ್ಷವೂ ಬದಲಾಗುತ್ತವೆ, ಆಯಾ ವರ್ಷದ ಪ್ರಕಟಣೆಯನ್ನೇ ನೋಡಿ.

5. ಪಶ್ಚಿಮಕ್ಕೆ ಮಾತ್ರ ಮುಖ ಮಾಡಬೇಡಿ, ಆಫ್ರಿಕಾ ಕಡೆಯೂ ನೋಡಿ.

ನಾಗಮಂಗಲದ ಹೊಲದಲ್ಲಿ ಬೆಳೆಯುವ ರಾಗಿಯ ಮೂಲ ಪೂರ್ವ ಆಫ್ರಿಕಾದ ಎತ್ತರದ ನೆಲ. ಮಂಡ್ಯದ ವಿ.ಸಿ. ಫಾರಂನಲ್ಲಿ ಡಾ. ಲಕ್ಷ್ಮಣಯ್ಯನವರು ನಮ್ಮ ರಾಗಿಯನ್ನೂ ಆಫ್ರಿಕಾದ ರಾಗಿಯನ್ನೂ ಕೂಡಿಸಿ ‘ಇಂಡಾಫ್’ ತಳಿಗಳನ್ನು ಕೊಟ್ಟರು. ಕರ್ನಾಟಕದ ರಾಗಿ ಇಳುವರಿಯ ಚರಿತ್ರೆಯೇ ಅದರಿಂದ ಬದಲಾಯಿತು. ಎರಡು ಖಂಡಗಳ ವಿದ್ವತ್ತು ಕೂಡಿದರೆ ಏನಾಗುತ್ತದೆ ಎಂಬುದಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ನನಗೆ ಕಾಣದು. ಉಗಾಂಡ, ಕೆನ್ಯಾ, ಇಥಿಯೋಪಿಯಾದ ವಿಶ್ವವಿದ್ಯಾಲಯಗಳ ಅಧ್ಯಾಪಕರೂ ನಿಮ್ಮಂತೆಯೇ ಫೆಲೋಶಿಪ್ ಹುಡುಕುತ್ತಿದ್ದಾರೆ. ಅವರು ಭಾರತಕ್ಕೆ ಬಂದು ಸಂಶೋಧನೆ ಮಾಡಲೆಂದೇ ಕೇಂದ್ರ ಸರ್ಕಾರ 2010ರಲ್ಲಿ ಸಿ.ವಿ. ರಾಮನ್ ಫೆಲೋಶಿಪ್ ಆರಂಭಿಸಿತು. ರಾಗಿಯ ಬೆಂಕಿರೋಗ ಅಲ್ಲೂ ಇದೆ, ಇಲ್ಲೂ ಇದೆ. ಜೊತೆಗೂಡಿ ಒಂದು ಲೇಖನ ಬರೆಯಲು ಯಾರ ಅಪ್ಪಣೆಯೂ ಬೇಡ.

6. ಅನುಮತಿಯ ಫೈಲು ಅರ್ಜಿಗಿಂತ ಮುಂದೆ ಓಡಲಿ.

ಸರ್ಕಾರಿ ಕಾಲೇಜಿನವರು ಮುಗ್ಗರಿಸುವುದು ಹೆಚ್ಚಾಗಿ ಇಲ್ಲಿಯೇ. ಆಯ್ಕೆಯಾದ ಮೇಲೆ ನಿರಾಕ್ಷೇಪಣಾ ಪತ್ರಕ್ಕೆ ಓಡಾಡಿದರೆ ಹೊರಡುವ ದಿನ ಬಂದರೂ ಫೈಲು ಮೇಜಿನ ಮೇಲೇ ಇರುತ್ತದೆ. ಅರ್ಜಿ ಹಾಕುವಾಗಲೇ ಪ್ರಾಂಶುಪಾಲರ ಮೂಲಕ ಇಲಾಖೆಗೆ ಬರೆದು, ಸ್ವೀಕೃತಿಯ ಮೊಹರು ಹಾಕಿಸಿದ ಪ್ರತಿ ಇಟ್ಟುಕೊಳ್ಳಿ. ರಜೆ ಯಾವ ಬಗೆಯದು, ಆ ಅವಧಿಯ ಪಾಠ ಯಾರು ಮಾಡುತ್ತಾರೆ, ಸಂಬಳದ ಕಥೆ ಏನು, ಮೂರನ್ನೂ ನೀವೇ ಬರೆದುಕೊಡಿ. ಪಾಸ್‌ಪೋರ್ಟ್ ಈವತ್ತೇ ಮಾಡಿಸಿ.

7. ಕನ್ನಡದಲ್ಲಿ ಯೋಚಿಸಿದ್ದಕ್ಕೆ ನಾಚಬೇಡಿ.

ಮೇಳಿಗೆಯ ಕಡೆಯ ಹುಡುಗ, ಮೈಸೂರಿನಲ್ಲಿ ಓದಿ ಇಂಗ್ಲಿಷ್ ಮೇಷ್ಟ್ರಾದ ಯು.ಆರ್. ಅನಂತಮೂರ್ತಿ ಕಾಮನ್‌ವೆಲ್ತ್ ವಿದ್ಯಾರ್ಥಿವೇತನದ ಮೇಲೆ ಬರ್ಮಿಂಗ್‌ಹ್ಯಾಮ್‌ಗೆ ಹೋದರು. 1966ರಲ್ಲಿ ಪಿಎಚ್‌.ಡಿ. ಪಡೆದರು. ‘ಸಂಸ್ಕಾರ’ವನ್ನು ಬರೆದದ್ದೂ ಅಲ್ಲಿದ್ದಾಗಲೇ, ಕನ್ನಡದಲ್ಲಿ. ಅರ್ಜಿಯ ಇಂಗ್ಲಿಷನ್ನು ಸ್ನೇಹಿತರಿಗೆ ತೋರಿಸಿ ತಿದ್ದಿಸಬಹುದು. ವಿಚಾರವನ್ನು ಯಾರೂ ತಿದ್ದಿಕೊಡಲಾರರು.

8. ಟಿಪ್ಪಣಿಗಳೆಲ್ಲ ಒಂದೇ ಕಡೆ ಬೇಡ.

ಸಮಾಜಶಾಸ್ತ್ರಜ್ಞ ಎಂ.ಎನ್. ಶ್ರೀನಿವಾಸ್ 1970ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್‌ನಲ್ಲಿ ಫೆಲೋ ಆಗಿದ್ದಾಗ ಕಚೇರಿಗೆ ಬೆಂಕಿ ಬಿತ್ತು. ಮೈಸೂರು ಸೀಮೆಯ ಹಳ್ಳಿಯೊಂದರ ಬಗ್ಗೆ ವರ್ಷಗಟ್ಟಲೆ ಸಿದ್ಧಪಡಿಸಿದ್ದ ಟಿಪ್ಪಣಿಗಳ ಮೂರೂ ಪ್ರತಿಗಳು ಅಲ್ಲೇ ಇದ್ದವು, ಸುಟ್ಟುಹೋದವು. ನೆನಪಿನಿಂದಲೇ ಅವರು ಬರೆದ ಪುಸ್ತಕ 1976ರಲ್ಲಿ ಬಂದು ಹೆಸರಾಯಿತು. ಅಂಥ ನೆನಪು ಎಲ್ಲರಿಗೂ ಇರುವುದಿಲ್ಲ.

9. ಕೊನೆಯದು ಪ್ರಾಂಶುಪಾಲರಿಗೆ.

ನಿಮ್ಮ ಕಾಲೇಜಿನ ಅತಿಥಿ ಉಪನ್ಯಾಸಕರಲ್ಲಿ ಪಿಎಚ್‌.ಡಿ. ಮಾಡಿಯೂ ಬೋಧನಾ ಅನುಭವದ ಪತ್ರಕ್ಕಾಗಿ ಕಾಯುವವರಿದ್ದಾರೆ. ಆ ಪತ್ರವಿಲ್ಲದೆ ಅವರ ಅರ್ಜಿ ಮುಂದೆ ಹೋಗುವುದಿಲ್ಲ. ಕಾಯಂ ಮೇಷ್ಟ್ರು ರಜೆ ಕೇಳಿದಾಗ ವೇಳಾಪಟ್ಟಿ ಕೆಡುತ್ತದೆಂದು ಫೈಲನ್ನು ತಡೆದಿಡಬೇಡಿ. ಒಂದು ಸೆಮಿಸ್ಟರ್ ಹೇಗೋ ಹೊಂದಿಸಬಹುದು. ದಯವಿಟ್ಟು ಸಹಿ ಹಾಕಿ, ಅದೇ ದಿನ ಮುಂದಕ್ಕೆ ಕಳಿಸಿ.