ಅಂಕಪಟ್ಟಿಯ ಪಕ್ಕದಲ್ಲಿ ದಾಖಲಾತಿ ವಹಿ

ಕೋಲಾರದಿಂದ ಬೇರೆಯಾಗಿ 2007ರಲ್ಲಿ ಚಿಕ್ಕಬಳ್ಳಾಪುರ ಜಿಲ್ಲೆಯಾಗುವ ಮುಂಚೆಯೇ ನಾನು ಈ ಸೀಮೆಯ ಸರ್ಕಾರಿ ಪ್ರಾಥಮಿಕ ಶಾಲೆಗಳಿಗೆ ಶಿಕ್ಷಕಿಯಾಗಿ ಬಂದೆ. ಚಿಂತಾಮಣಿ, ಶಿಡ್ಲಘಟ್ಟ, ಗೌರಿಬಿದನೂರು, ಕೊನೆಗೆ ಚಿಕ್ಕಬಳ್ಳಾಪುರ ತಾಲ್ಲೂಕು. ವರ್ಗವಾಗಿ ಹೋದಲ್ಲೆಲ್ಲ ಮೀಟಿಂಗಿನ ಮೊದಲ ಪ್ರಶ್ನೆ ಒಂದೇ: "ನಿಮ್ಮ ಶಾಲೆ ಎಷ್ಟು ಪರ್ಸೆಂಟು ಮೇಡಂ?" ಅಂಕಪಟ್ಟಿಯನ್ನು ದಾಖಲಾತಿ ವಹಿಯ ಪಕ್ಕದಲ್ಲಿಟ್ಟು ಓದಬೇಕೆಂದು ತಿಳಿಯಲು ನನಗೆ ಬಹಳ ವರ್ಷ ಹಿಡಿಯಿತು. ಆ ವರ್ಷಗಳಲ್ಲಿ ಕಲಿತದ್ದು ಇಲ್ಲಿದೆ.

1. ಮನೆಮಾತು ಯಾವುದೆಂದು ಕೇಳಿಯೇ ಬರೆಯಿರಿ.

ಚಿಂತಾಮಣಿ ತಾಲ್ಲೂಕಿನ ಹಳ್ಳಿ, ಮೂರನೇ ತರಗತಿ. "ಬುಟ್ಟಿಯಲ್ಲಿ 15 ಟೊಮೆಟೊ ಇದ್ದವು. 6 ಮಾರಿದರು. ಉಳಿದವು ಎಷ್ಟು?" ಒಬ್ಬ ಹುಡುಗ ಜಾಗ ಖಾಲಿ ಬಿಟ್ಟಿದ್ದ. ಕರೆದು ತೆಲುಗಿನಲ್ಲಿ "ಎನ್ನಿ ಮಿಗಿಲಾಯಿ?" ಎಂದೆ. ಬಾಯಿ ಮುಚ್ಚುವುದರೊಳಗೆ "ತೊಮ್ಮಿದಿ" ಅಂದ, ಒಂಬತ್ತು. ಕಳೆಯುವುದು ಅವನಿಗೆ ಚೆನ್ನಾಗಿ ಗೊತ್ತಿತ್ತು, 'ಉಳಿದವು' ಅನ್ನುವ ಮಾತು ಗೊತ್ತಿರಲಿಲ್ಲ. ನಾನು ಗಣಿತದಲ್ಲಿ ಸೊನ್ನೆ ಹಾಕಿದ್ದೆ.

ವಹಿ ತೆಗೆದು ನೋಡಿದೆ. ಮಾತೃಭಾಷೆಯ ಕಲಂನಲ್ಲಿ ಅವನ ಹೆಸರಿನ ಮುಂದೆ 'ಕನ್ನಡ' ಎಂದಿತ್ತು. ಅಕ್ಷರ ನನ್ನದೇ. ಕೇಳದೆ ಬರೆದಿದ್ದೆ. ಚಟುವಟಿಕೆಯಿಂದ ಕಲಿಸುವ ನಲಿ-ಕಲಿಯ ತರಗತಿಯಲ್ಲೂ ಇದೇ ಎಡವು: ಹಸುವಿನ ಚಿತ್ರ ನೋಡಿ ತೆಲುಗಿನಲ್ಲಿ 'ಆವು' ಅನ್ನುವ ಮಗು 'ಹ' ಎಲ್ಲಿದೆ ಎಂದು ಹುಡುಕುವುದಿಲ್ಲ, 'ಆ' ಹುಡುಕುತ್ತದೆ. ಶಿಡ್ಲಘಟ್ಟದ ಕಡೆ ದಖನಿ ಉರ್ದು ಮಾತಾಡುವ ಮಕ್ಕಳಿಗೆ "ಕಿತ್ತೆ ಬಚೆ?" ಎಂದು ಒಂದು ಸಲ ಕೇಳಿದರೆ ಸಾಕು, ದಾರಿ ತೆರೆದುಕೊಳ್ಳುತ್ತದೆ. ಆಮೇಲಿನ ವರ್ಷಗಳಲ್ಲಿ ಜೂನ್ ತಿಂಗಳಿಡೀ ಒಟ್ಟು, ಉಳಿದ, ಹೆಚ್ಚು, ತಲಾ ಎಂಬ ನಾಲ್ಕು ಮಾತುಗಳನ್ನು ಮಕ್ಕಳ ಮನೆಮಾತಿನಲ್ಲೂ ಕನ್ನಡದಲ್ಲೂ ಜೊತೆಜೊತೆಯಾಗಿ ಹೇಳಿಸಿದೆ. ಹೀಗೆ ಮಾಡಿದರೆ ಕನ್ನಡ ಕೆಡುತ್ತದೆಂದು ಗದರಿದವರಿದ್ದಾರೆ. ಆ ಹುಡುಗ 'ಉಳಿದವು' ಎಂಬುದನ್ನು ಅಂದೇ ಕಲಿತ, ಮತ್ತೆ ಮರೆಯಲಿಲ್ಲ.

2. ಹಾಜರಿ ಪುಸ್ತಕವನ್ನು ಹುಳುವಿನ ಲೆಕ್ಕದಲ್ಲಿ ಓದಿ.

ಶಿಡ್ಲಘಟ್ಟದಲ್ಲಿ ತಿಂಗಳ ಸರಾಸರಿ ಹಾಜರಿ ಚೆನ್ನಾಗಿಯೇ ಕಾಣುತ್ತಿತ್ತು. ದಿನದ ಲೆಕ್ಕ ನೋಡಿದಾಗ ಅದೇ ಕೆಲವು ಮಕ್ಕಳು ವಾರಗಟ್ಟಲೆ ಒಟ್ಟಿಗೇ ಇಲ್ಲ. "ನಾಕನೇ ಜ್ವರ ಎದ್ದವೆ ಮಿಸ್, ಒಂದು ವಾರ ಬಿಡಿ" ಎಂದು ಒಬ್ಬ ತಾಯಿ ಹೇಳಿದಾಗ ಅರ್ಥವಾಯಿತು. ರೇಷ್ಮೆಹುಳು ನಾಲ್ಕನೇ ಜ್ವರ, ಅಂದರೆ ಪೊರೆ ಬಿಡುವ ನಿದ್ದೆ, ಕಳೆದು ಎದ್ದ ಮೇಲೆ ಹಣ್ಣಾಗುವವರೆಗೆ ಸುಮಾರು ಒಂದು ವಾರ ಹಗಲೂ ರಾತ್ರಿ ಸೊಪ್ಪು ತಿನ್ನುತ್ತದೆ. ಆಮೇಲೆ ಅವನ್ನು ಆರಿಸಿ ಗೂಡು ಕಟ್ಟುವ ಚಂದ್ರಿಕೆಗೆ ಬಿಡಬೇಕು. ಮನೆಯ ಸಣ್ಣ ಕೈಗಳೂ ಆಗ ಕೆಲಸಕ್ಕೆ ಬೀಳುತ್ತವೆ. ಆ ವಾರ ನಾನು ಭಾಗಾಕಾರ ಶುರುಮಾಡಿದ್ದೆ. ಪರೀಕ್ಷೆಯಲ್ಲಿ ಭಾಗಾಕಾರ ಬಿಟ್ಟವರು ಅದೇ ಮಕ್ಕಳು.

ಅಂದಿನಿಂದ ಯಾವ ಮನೆಗೆ ಯಾವ ದಿನ ಚಾಕಿ ಹುಳು (ಮರಿಹುಳು) ಬಂತು ಎಂದು ಕ್ಯಾಲೆಂಡರಿನಲ್ಲಿ ಗುರುತು ಹಾಕಿಕೊಂಡೆ. ಗುರುತು ಹೆಚ್ಚಿದ್ದ ವಾರ ಹೊಸ ಪಾಠ ತೆಗೆಯಲಿಲ್ಲ. ಮನೆಗಳಿಗೂ ಹೋದೆ. "ಬೆಳಿಗ್ಗೆ ಒಂದು ಸೊಪ್ಪು ಹಾಕಿಸ್ಕೊಳ್ಳಿ, ಹತ್ತು ಗಂಟೆಗೆ ಮಗು ನನಗೆ ಬೇಕು" ಎಂದೆ. ಕೆಲವರು ಕಳಿಸಿದರು. ಮಗುವಿನಿಂದ ಆ ಒಂದು ಸೊಪ್ಪನ್ನೂ ಹಾಕಿಸಬಾರದೆಂದು ಹೇಳುವ ಧೈರ್ಯ ನನಗೆ ಇನ್ನೂ ತಡವಾಗಿ ಬಂತು.

3. ಎಂಟು ಮಕ್ಕಳ ತರಗತಿಗೆ ಪರ್ಸೆಂಟು ಹಾಕಬೇಡಿ. ಒಂದು ಮಗು ಓದಲು ಕಲಿತರೆ ಶೇ 12.5 ಏರುತ್ತದೆ, ಒಂದು ಮಗುವಿಗೆ ಜ್ವರ ಬಂದರೆ ಅಷ್ಟೇ ಇಳಿಯುತ್ತದೆ. ಹೆಸರು ಬರೆಯಿರಿ, ಹೆಸರಿನ ಮುಂದೆ ಬಾರದಿರುವುದನ್ನು ಬರೆಯಿರಿ.

4. ಶಿಕ್ಷಕರನ್ನೂ ಎಣಿಸಿ. 2010ರಲ್ಲಿ ಜಾರಿಗೆ ಬಂದ ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ ಒಂದರಿಂದ ಐದನೇ ತರಗತಿವರೆಗೆ 60 ಮಕ್ಕಳ ತನಕ ಇಬ್ಬರು ಶಿಕ್ಷಕರು. ಒಬ್ಬರು ತರಬೇತಿಗೆ ಹೋದ ದಿನ ಐದು ತರಗತಿಗೂ ಒಬ್ಬರೇ.

5. ಜಾತಿಯ ಕಲಂ ನೋಡಿ ಮಗುವಿನ ಅಳತೆ ಹಾಕಬೇಡಿ.

ಇದನ್ನು ಬರೆಯುವಾಗ ಈಗಲೂ ಸಂಕಟವಾಗುತ್ತದೆ. ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡ, ಪ್ರವರ್ಗ-1, 2ಎ, 2ಬಿ ಎಂದು ನಾವು ತುಂಬುವ ಕಲಂ ವಿದ್ಯಾರ್ಥಿವೇತನಕ್ಕೆ ಬೇಕು, ಶಾಲೆ ಯಾರನ್ನು ಕೈಬಿಟ್ಟಿದೆ ಎಂದು ಕಾಣುವುದಕ್ಕೂ ಬೇಕು. "ಕಾಲೊನಿ ಮಕ್ಕಳು, ಇಷ್ಟೇ" ಎಂಬ ಮಾತಿಗೆ ಅದನ್ನು ಆಧಾರ ಮಾಡಿಕೊಂಡವರನ್ನು ನೋಡಿದ್ದೇನೆ. ನನ್ನಲ್ಲಿ ಆ ದೋಷವಿಲ್ಲ ಎಂದುಕೊಂಡಿದ್ದೆ. ಒಮ್ಮೆ ಸಹೋದ್ಯೋಗಿಯೊಬ್ಬರನ್ನು ನನ್ನ ತರಗತಿಯ ಹಿಂದೆ ಕೂರಿಸಿ, ನಾನು ಯಾರನ್ನು ಎಷ್ಟು ಸಲ ಪ್ರಶ್ನೆ ಕೇಳುತ್ತೇನೆಂದು ಗೀಟು ಹಾಕಲು ಹೇಳಿದೆ. ಒಂದು ವಾರ ಕಳೆದು ನೋಡಿದರೆ, ಕಾಲೊನಿಯಿಂದ ಬರುವ ಇಬ್ಬರು ಹುಡುಗಿಯರ ಮುಂದೆ ಒಂದು ಗೀಟೂ ಇರಲಿಲ್ಲ. ಹಾಜರಿಯಲ್ಲಿ ಅವರು ಒಂದು ದಿನವೂ ತಪ್ಪಿಸಿಕೊಂಡಿರಲಿಲ್ಲ.

6. ವ್ಯಾನ್ ಹತ್ತಿದವರ ಜೊತೆ ಹೋಲಿಸಬೇಡಿ.

ಗೌರಿಬಿದನೂರಿನಲ್ಲಿ ಒಂದೇ ಮನೆಯ ಅಣ್ಣ ಕಾನ್ವೆಂಟ್ ವ್ಯಾನ್ ಹತ್ತುತ್ತಿದ್ದ, ತಂಗಿ ನಮ್ಮಲ್ಲಿಗೆ ನಡೆದು ಬರುತ್ತಿದ್ದಳು. ಫೀಸು, ಟ್ಯೂಷನ್ನು, ಮನೆಯಲ್ಲಿ ಓದಿಸುವ ಪುರುಸೊತ್ತು ಎಲ್ಲ ಅಣ್ಣನ ಪಾಲಿಗೆ. ತಂಗಿಯನ್ನು ಹೋಲಿಸಬೇಕಾದ್ದು ಜೂನ್ ತಿಂಗಳ ತಂಗಿಯ ಜೊತೆಗೇ. ಅದೇ ತಾಲ್ಲೂಕಿನ ಹೊಸೂರಿನ ಎಚ್. ನರಸಿಂಹಯ್ಯನವರು ಓದಲೆಂದು ಬೆಂಗಳೂರಿಗೆ ನಡೆದೇ ಹೋದರು, ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾದರು. ಅವರ ಹೆಸರನ್ನು ಮಕ್ಕಳಿಗೆ ಪ್ರೀತಿಯಿಂದ ಹೇಳಿದ್ದೇನೆ. ಆದರೆ "ಅವರು ಓದಲಿಲ್ಲವೇ, ನಿನಗೇನು?" ಎಂದು ಗದರಲು ಯಾರಾದರೂ ಆ ಹೆಸರು ಬಳಸಿದಾಗ ನನಗೆ ತಡೆಯಲಾಗುವುದಿಲ್ಲ.

7. ವರ್ಷದ ನಡುವೆ ಬಂದ ಮಗುವನ್ನು ಟಿಸಿ ಇಲ್ಲವೆಂದು ನಿಲ್ಲಿಸಬೇಡಿ.

ವರ್ಗಾವಣೆ ಪತ್ರ ತಡವಾಯಿತೆಂದು ದಾಖಲಾತಿ ನಿರಾಕರಿಸುವಂತಿಲ್ಲ, ಶಿಕ್ಷಣ ಹಕ್ಕು ಕಾಯ್ದೆಯಲ್ಲೇ ಇದೆ. ಚಿಕ್ಕಬಳ್ಳಾಪುರದ ಸುತ್ತ ಕಲ್ಲಿನ ಕೆಲಸ, ಕಟ್ಟಡದ ಕೆಲಸಕ್ಕೆ ಬಂದವರ ಮಕ್ಕಳು ದಸರಾ ಕಳೆದ ಮೇಲೆ ಬರುತ್ತಾರೆ, ಕೆಲಸ ಮುಗಿದರೆ ಹೊರಟುಬಿಡುತ್ತಾರೆ. ಹಾಗೆ ಬಂದ ಒಬ್ಬಳು ಫೆಬ್ರವರಿಯಲ್ಲಿ ಹೊರಟಳು. ಟಿಸಿಯ ಜೊತೆ ಒಂದು ಚೀಟಿ ಪಿನ್ ಮಾಡಿ ಅವಳ ತಾಯಿಯ ಕೈಗೆ ಕೊಟ್ಟೆ: "ಒತ್ತಕ್ಷರವಿಲ್ಲದ ಪದ ಓದುತ್ತಾಳೆ. ಕಳೆಯುವಾಗ ದಶಕ ತೆಗೆದುಕೊಳ್ಳುವುದು ಇನ್ನೂ ಬಾರದು. ಮನೆಮಾತು ತೆಲುಗು. ದಯವಿಟ್ಟು ಮುಂದಿನ ಸಾಲಿನಲ್ಲಿ ಕೂರಿಸಿ."